ಚೌಕಟ್ಟಿನ ಹಿಂದಿನ ಗೋಡೆ

ಫೆಬ್ರವರಿ 2, ಭಾನುವಾರ

ಇವತ್ತು ಚರ್ಚಿನಲ್ಲಿ ನನ್ನನ್ನು ಕೇಳದೆಯೇ ನನಗೊಂದು ಕೆಲಸ ಹಚ್ಚಿದರು. ಕೇಳಿದ್ದರೆ ಬೇಡ ಎನ್ನುತ್ತಿದ್ದೆನೇ? ಅನ್ನುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು.

ಮುಂದಿನ ತಿಂಗಳು ಹದಿನಾರಕ್ಕೆ ನಮ್ಮ ಸಭೆಗೆ ಐವತ್ತು ವರ್ಷ ತುಂಬುತ್ತದೆ. ಅದಕ್ಕೆ ಮೊದಲು ನಲವತ್ತು ದಿನ ಎಲ್ಲರೂ ದಿನಕ್ಕೊಂದು ಅಧ್ಯಾಯ ಬೈಬಲ್ ಓದಬೇಕು. ಬೆಳಿಗ್ಗೆ ಆರಕ್ಕೆ ಫೋನಿನ ಗುಂಪಿಗೆ ಅಧ್ಯಾಯ ಬರುತ್ತದೆ. ಓದಿದವರು 'ಆಮೆನ್' ಎಂದು ಉತ್ತರಿಸಬೇಕು. ಭಾನುವಾರ ಬಂದು, ಬಾಗಿಲ ಬಳಿ ತೂಗುಹಾಕಿದ ಪಟ್ಟಿಯಲ್ಲಿ ತಮ್ಮ ಸಾಲಿನ ಚೌಕಗಳಿಗೆ ಹಸಿರು ಗುರುತು ಹಾಕಬೇಕು. ಒಂದು ದಿನವೂ ತಪ್ಪದ ಕುಟುಂಬಕ್ಕೆ ಹಿತ್ತಾಳೆಯ ಫಲಕ. ಯೋಜನೆ ಸಭೆಯ ಹಿರಿಯರದು, ಅಂದರೆ ನನ್ನ ಗಂಡನದು. ಅಧ್ಯಾಯ ಆರಿಸಿ ಕಳಿಸುವ ಕೆಲಸ ನನ್ನದು. ಫಲಕಕ್ಕೆ ಇವರು ಈಗಾಗಲೇ ನಮ್ಮ ಹಾಲ್‌ನಲ್ಲಿ ಜಾಗ ನೋಡಿಟ್ಟಿದ್ದಾರೆ, ಟಿವಿಯ ಎಡಗಡೆ.

"ಓದೋದು ತಾನೇ ನಿನ್ನ ಕೆಲಸ," ಅಂದರು.

ನಿಜವೇ. ಔಷಧಿ ಡಬ್ಬಿಯೊಳಗೆ ಹದಿನಾರು ಮಡಿಕೆಯಾಗಿ ಕೂತಿರುತ್ತದಲ್ಲ ಒಂದು ತೆಳು ಕಾಗದ, ಅದನ್ನು ಅಚ್ಚಿಗೆ ಹೋಗುವ ಮುಂಚೆ ತಿದ್ದುವುದು ನನ್ನ ಕೆಲಸ. ಬೈಬಲಿಗೂ ಅದಕ್ಕೂ ಬಳಸುವುದು ಹೆಚ್ಚುಕಡಿಮೆ ಒಂದೇ ತರದ ಕಾಗದ. ಯಾರೂ ಬಿಡಿಸಿ ಓದದ ಬರವಣಿಗೆಯಲ್ಲಿ ನನಗೆ ಹದಿನೆಂಟು ವರ್ಷದ ಅನುಭವವಿದೆ. ಒಂದೇ ಸಲಕ್ಕೆ ಕೂತು ಹದಿನೈದು ದಿನದ ಅಧ್ಯಾಯಗಳನ್ನು ಆರಿಸಿ ಮುಗಿಸಿದೆ. ಅರ್ಧ ಗಂಟೆ ಹಿಡಿಯಿತು.

ಫೆಬ್ರವರಿ 4, ಮಂಗಳವಾರ

ಇವತ್ತಿನ ಅಧ್ಯಾಯವನ್ನು ಗಡಿಯಾರ ಎದುರಿಟ್ಟುಕೊಂಡು ಓದಿದೆ. ಒಂಬತ್ತು ನಿಮಿಷ. ಆರಕ್ಕೆ ಗುಂಪಿಗೆ ಕಳಿಸಿದೆ. ಆರು ಒಂದಕ್ಕೆ ಅರವತ್ತಮೂರು ಆಮೆನ್ ಬಂದಿದ್ದವು. ನಮ್ಮ ಸಭೆಯವರು ಇಷ್ಟು ಚುರುಕು ಎಂದು ನನಗೆ ತಿಳಿದಿರಲಿಲ್ಲ.

ಇವರು ಬಲಗೈಯಲ್ಲಿ ಹಲ್ಲುಜ್ಜುತ್ತಾ ಎಡಗೈಯಲ್ಲಿ ಮನೆಯ ಮೂವರ ಪರವಾಗಿಯೂ ಆಮೆನ್ ಒತ್ತಿದರು. ಅತ್ತೆ ಕೇಳಿದರು, "ನಾನೇನು ಓದಿದೆ ಅಂತ ನನಗೂ ಒಂದ್ಮಾತು ಹೇಳಪ್ಪ. ಯಾರಾದ್ರೂ ಕೇಳಿದ್ರೆ ಬೇಕಾಗುತ್ತೆ."

ಫೆಬ್ರವರಿ 7, ಶುಕ್ರವಾರ

ಅಲಾರಾಂ ಕೇಳಿಸಲಿಲ್ಲ. ಅಧ್ಯಾಯ ಎರಡು ನಿಮಿಷ ತಡವಾಗಿ ಹೋಯಿತು. ಬ್ಯಾಂಕ್ ಮ್ಯಾನೇಜರರ ಕುಟುಂಬದ ಆಮೆನ್ ಮಾತ್ರ ಸರಿಯಾಗಿ ಆರಕ್ಕೇ ಬಂದಿತ್ತು. ಅವರ ಸೊಸೆ ಫೋನಿನಲ್ಲಿ ಅದು ತಾನಾಗಿಯೇ ಹೋಗುವ ವ್ಯವಸ್ಥೆ ಮಾಡಿದ್ದಾಳಂತೆ. ಕೇಳುವ ಮೊದಲೇ ಒಪ್ಪಿಕೊಳ್ಳುವ ವಿಶ್ವಾಸ ಅಂದರೆ ಇದೇ ಇರಬೇಕು.

ನಗುತ್ತೇನೆ, ಸರಿ. ನಿನ್ನೆಯದನ್ನು ಕಳಿಸಿದವಳು ನಾನು. ಅದರಲ್ಲಿ ಏನಿತ್ತು ಎಂದು ಈಗ ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

ಫೆಬ್ರವರಿ 9, ಭಾನುವಾರ

ಪಟ್ಟಿ ಹಸಿರು ಗದ್ದೆಯಂತಿದೆ. ಒಂದು ಸಾಲು ಮಾತ್ರ ಬೋಳು. ಅದು ನಮ್ಮ ಮನೆಯ ಕೆಳಗಿನ ಹಿಂದುಗಡೆ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಇರುವ ಟೈಲರ್ ಅಕ್ಕನದು. ಒಂಟಿ ಜೀವ, ಐವತ್ತೈದು ವಯಸ್ಸು, ಇರುವುದಕ್ಕೂ ಹೊಲಿಯುವುದಕ್ಕೂ ಅದೊಂದೇ ಕೋಣೆ. ಭಾನುವಾರ ಹನ್ನೊಂದರವರೆಗೆ ನಮಗೆಲ್ಲ ಸಹೋದರಿ. ಉಳಿದ ಹೊತ್ತು ಇವರ ಬಾಯಲ್ಲಿ 'ಕೆಳಗಿನವಳು'.

"ಏನಮ್ಮ, ವಾಕ್ಯ ಓದೋ ಅಭ್ಯಾಸ ಇಲ್ವಾ?" ಅಂತ ಇವರು ನಾಲ್ಕು ಜನ ಕೇಳುವಂತೆ ಕೇಳಿದರು.

"ಓದ್ತಾ ಇದ್ದೀನಿ ಅಣ್ಣ. ಮೊದಲನೇ ದಿನದ್ದೇ ಇನ್ನೂ ಮುಗಿದಿಲ್ಲ."

"ಒಂದು ಅಧ್ಯಾಯಕ್ಕೆ ಒಂದು ವಾರಾನಾ?"

"ಓದೋಕೆ ಹತ್ತು ನಿಮಿಷ ಸಾಕು. ಅದರಲ್ಲಿ ಮಾಡು ಅಂದದ್ದನ್ನ ಮಾಡೋಕೆ ಹೊತ್ತು ಹಿಡಿಯುತ್ತೆ," ಅಂದಳು. ಕೆಮ್ಮು ಬಂತು, ಸೆರಗು ಬಾಯಿಗೆ ಹಿಡಿದು ಆಚೆ ಹೋದಳು.

ಇವರು ದಾರಿಯುದ್ದಕ್ಕೂ ನಗುತ್ತಿದ್ದರು. ನಾನೂ ಸ್ವಲ್ಪ ನಕ್ಕೆ.

ಫೆಬ್ರವರಿ 12, ಬುಧವಾರ

ಇವತ್ತು ಒಂದು ಕಿತಾಪತಿ ಮಾಡಿದೆ.

ಹಳೆಯ ಒಡಂಬಡಿಕೆಯ ನಿಯಮಗಳ ನಡುವೆ, ಮನೆಯ ಗೋಡೆಗೆ ಬೂಷ್ಟು ಹಿಡಿದರೆ ಏನು ಮಾಡಬೇಕು ಎಂದು ಹೇಳುವ ಅಧ್ಯಾಯವೊಂದಿದೆ. ಯಜಮಾನ ಹೋಗಿ ಯಾಜಕನಿಗೆ ತಿಳಿಸಬೇಕು. ಯಾಜಕ ಒಳಗೆ ಕಾಲಿಡುವ ಮೊದಲು ಮನೆ ಖಾಲಿ ಮಾಡಬೇಕು. ಅವನು ಬಂದು ಕಲೆ ಹಸಿರೋ ಕೆಂಪೋ ನೋಡಿ, ಏಳು ದಿನ ಬಾಗಿಲು ಮುಚ್ಚಿಸಿ, ಮತ್ತೆ ಬಂದು ನೋಡಬೇಕು. ಕಲೆ ಹರಡಿದ್ದರೆ ಗಾರೆ ಕೆರೆದು ಊರಾಚೆ ಸುರಿದು, ಬೇರೆ ಕಲ್ಲು, ಬೇರೆ ಗಾರೆ. ಹೀಗಾದರೆ ಹೀಗೆ ಮಾಡಿ, ಗುಣವಾಗದಿದ್ದರೆ ಮತ್ತೆ ತೋರಿಸಿ. ಥೇಟ್ ನಮ್ಮ ಔಷಧಿ ಕಾಗದದ ಧಾಟಿ. ಯಾರಾದರೂ ನಿಜಕ್ಕೂ ಓದುತ್ತಾರೋ ನೋಡೋಣ ಎಂದು, ಮೊದಲೇ ಆರಿಸಿಟ್ಟಿದ್ದನ್ನು ಬಿಟ್ಟು ಅದನ್ನೇ ಕಳಿಸಿದೆ.

ನೂರ ಹದಿನೆಂಟು ಆಮೆನ್. 'ಎಂಥ ಸಾಂತ್ವನ' ಎಂದು ಮೂವರು. ಇವರು ಆಫೀಸಿನಿಂದ ಬರೆದದ್ದು: 'ಇಂದಿನ ವಾಕ್ಯ ನನ್ನ ಹೃದಯ ಮುಟ್ಟಿತು'.

ಊಟದ ಹೊತ್ತಿನಲ್ಲಿ ಒಬ್ಬಳೇ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಪಕ್ಕದ ಮೇಜಿನವಳು ಏನು ಮೇಡಂ ಎಂದಳು. ಹೇಳಲು ಹೋಗಿ ಬಿಟ್ಟೆ. ಹೇಳಿದರೆ ನಾನು ಯಾರ ಕಡೆಯವಳು ಎಂದು ಅವಳು ಕೇಳಬಹುದಿತ್ತು.

ಫೆಬ್ರವರಿ 16, ಭಾನುವಾರ

ನಗೆ ಇಳಿದಿದೆ.

ಆರಾಧನೆ ಮುಗಿಯುವಾಗ ಅಯ್ಯನವರು, ನಮ್ಮ ಪಾಸ್ಟರನ್ನು ಎಲ್ಲರೂ ಕರೆಯುವುದು ಹಾಗೆಯೇ, "ಈ ವಾರದ ವಾಕ್ಯ ನಿಮ್ಮ ಬಾಳಲ್ಲಿ ಏನು ಮಾಡಿತು, ಯಾರಾದ್ರೂ ಸಾಕ್ಷಿ ಹೇಳ್ತೀರಾ?" ಎಂದರು. ಸಾಮಾನ್ಯವಾಗಿ ಯಾರೂ ಏಳುವುದಿಲ್ಲ. ಟೈಲರ್ ಅಕ್ಕ ಎದ್ದಳು.

"ನನ್ನ ಸಾಕ್ಷಿ ಇನ್ನೂ ಅರ್ಧ ಆಗಿದೆ ಅಯ್ಯಾ. ಮಿಕ್ಕಿದ್ದು ನೀವು ಬಂದ ಮೇಲೆ."

"ಎಲ್ಲಿಗಮ್ಮ ಬರಬೇಕು?"

"ನನ್ನ ಕೋಣೆಗೆ. ಬುಧವಾರದ ಅಧ್ಯಾಯದಲ್ಲಿ ಇತ್ತಲ್ಲ, ಗೋಡೆಗೆ ಬೂಷ್ಟು ಹಿಡಿದ್ರೆ ಯಾಜಕರು ಬಂದು ನೋಡಬೇಕು ಅಂತ. ನನ್ನ ಗೋಡೇಲಿ ಹಸಿರೂ ಇದೆ, ಕೆಂಪೂ ಇದೆ. ಬರೆದಿರೋ ಹಾಗೇ ಇದೆ."

ಅಯ್ಯನವರು ಆ ಅಧ್ಯಾಯವನ್ನು ನೆನಪಿಸಿಕೊಳ್ಳಲು ಯತ್ನಿಸುತ್ತಿರುವುದು ಮುಖದ ಮೇಲೇ ಕಂಡಿತು. "ನೋಡಮ್ಮ, ಅದಕ್ಕೆಲ್ಲ ಒಳಗಿನ ಅರ್ಥ ಬೇರೆ ಇರುತ್ತೆ. ಮನೆ ಅಂದ್ರೆ ಹೃದಯ. ಬೂಷ್ಟು ಅಂದ್ರೆ ಪಾಪ."

"ಇರಬಹುದು ಅಯ್ಯಾ. ಆದ್ರೆ ಪಾಪ ಬಿಳಿ ಬಟ್ಟೆಗೆ ಇಳಿಯಲ್ಲ. ಹಬ್ಬಕ್ಕೆ ಅಂತ ಗಾಯಕರ ನಿಲುವಂಗಿ ಇಪ್ಪತ್ತೆರಡು ಹೊಲೀತಿದ್ದೀನಿ, ಮೂರಕ್ಕೆ ಚುಕ್ಕೆ ಬಿದ್ದಿದೆ. ನನ್ನ ಎದೇಲೂ ಬಿದ್ದಿದೆ ಅಂತಾರೆ ಡಾಕ್ಟರು."

"ಮನೆ ಯಜಮಾನರಿಗೆ ಹೇಳಿದ್ಯಾ?"

"ಯಜಮಾನರೇ ಯಾಜಕರಿಗೆ ಹೇಳಬೇಕು ಅಂತಿದೆ. ಎರಡು ವರ್ಷ ಕಾದೆ. ಅವರು ಹೇಳೋ ಹಾಗೆ ಕಾಣಲಿಲ್ಲ, ಅದಕ್ಕೆ ನಾನೇ ಹೇಳಿದೆ."

ಯಜಮಾನರು ಎರಡನೆಯ ಸಾಲಿನಲ್ಲಿ ಹಾಡಿನ ಪುಸ್ತಕದೊಳಗೆ ಮುಖ ಹುದುಗಿಸಿ ಕೂತಿದ್ದರು. ಪಕ್ಕದಲ್ಲಿ ನಾನು. ಜನ ಅಷ್ಟು ಹೊತ್ತು ನೋಡಿದ ಮೇಲೆ ಅಯ್ಯನವರು ಬುಧವಾರ ಬರುತ್ತೇನೆ ಎನ್ನಲೇಬೇಕಾಯಿತು.

ಫೆಬ್ರವರಿ 17, ಸೋಮವಾರ

ತಿಂಡಿಯ ಹೊತ್ತಿಗೆ ಇವರ ಸಿಟ್ಟು ನೆತ್ತಿಗೇರಿತ್ತು. "ಇಡೀ ಸಭೆ ಎದುರು ನನ್ನ ಮಾನ ಹರಾಜು ಹಾಕಿದಳು. ಅಯ್ಯನವರು ನೋಡಿ ಏನೂ ಇಲ್ಲ ಅಂದುಬಿಡಲಿ, ಅವತ್ತೇ ಹೇಳ್ತೀನಿ, ತಿಂಗಳ ಕೊನೆಗೆ ಬೇರೆ ಜಾಗ ನೋಡ್ಕೋ ಅಂತ."

"ಇದೆ ಅಂದ್ರೆ?"

"ಏನಿರುತ್ತೆ? ಹೋದ ವರ್ಷ ತಾನೇ ಒಂದು ಕೈ ಬಣ್ಣ ಹೊಡೆಸಿದ್ದೀನಿ. ಅದಿರಲಿ, ಆ ಅಧ್ಯಾಯಾನೇ ಕಳಿಸು ಅಂತ ನಿನಗೆ ಯಾರು ಹೇಳಿದ್ದು?"

ನಿಮ್ಮ ಹೃದಯ ಮುಟ್ಟಿತ್ತಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಅನ್ನದೆ ಇದ್ದದ್ದು ಸಹನೆಯೋ ಹೇಡಿತನವೋ, ಬಸ್ಸಿನಲ್ಲಿ ನಿಂತು ಯೋಚಿಸಿದೆ. ಇಳಿಯುವ ಜಾಗ ಬಂತು.

ಆ ಕೋಣೆ ಹೋದರೆ ಅಕ್ಕನಿಗೆ ಮನೆ ಒಂದೇ ಅಲ್ಲ ಹೋಗುವುದು. ಹನ್ನೊಂದು ವರ್ಷದ ಗಿರಾಕಿಗಳೆಲ್ಲ ಈ ಬೀದಿಯವರು. ಎಲ್ಲ ನನ್ನ ಒಂದು ತಮಾಷೆಯಿಂದ.

ಫೆಬ್ರವರಿ 19, ಬುಧವಾರ

ರಜೆ ಹಾಕಿದೆ. ಅಯ್ಯನವರು ಹತ್ತಕ್ಕೆ ಬಂದು ಗೇಟಿನಲ್ಲೇ ನಿಂತುಬಿಟ್ಟರು. ಹೊಲಿಗೆ ಮಿಷನ್, ಮಂಚ, ಪಾತ್ರೆ, ಬಟ್ಟೆ ಗಂಟು, ಬಿಳಿ ನಿಲುವಂಗಿಗಳು, ಎಲ್ಲ ಅಂಗಳದಲ್ಲಿ.

"ಇದೇನಮ್ಮ, ಈಗಲೇ ಹೊರಟೆಯಾ?"

"ಯಾಜಕರು ಒಳಗೆ ಬರೋ ಮುಂಚೆ ಖಾಲಿ ಮಾಡಬೇಕು ಅಂತಿದೆಯಲ್ಲ ಅಯ್ಯಾ."

ಖಾಲಿ ಕೋಣೆಯಲ್ಲಿ ಒಂದೇ ಒಂದು ವಸ್ತು ಉಳಿದಿತ್ತು. ಹಿಂಗೋಡೆಯ ಮೇಲೆ, ಚಿನ್ನದ ಅಕ್ಷರದಲ್ಲಿ, ಈ ಮನೆಯ ಮೇಲೆ ಆಶೀರ್ವಾದವಿರಲಿ ಎನ್ನುವ ಅರ್ಥದ ವಚನ, ಗಾಜು ಹಾಕಿದ ಚೌಕಟ್ಟಿನಲ್ಲಿ. ಹೊಸ ವರ್ಷಕ್ಕೆ ನಾನೇ ಕೊಟ್ಟದ್ದು. "ಆ ಕಲೆ ಮೇಲೆ ತೂಗುಹಾಕು, ಮುಚ್ಚುತ್ತೆ," ಎಂದವರು ಇವರು. ಮೊಳೆ ಹೊಡೆದವಳು ನಾನು. ಮೊಳೆ ಬೆಣ್ಣೆಗೆ ಇಳಿದಂತೆ ಇಳಿದಿತ್ತು. ಆಗಲೇ ತಿಳಿಯಬೇಕಿತ್ತು. ತಿಳಿದಿತ್ತು ಎಂದು ಇಲ್ಲಿ ಬರೆಯುವುದೇ ಸರಿ.

ಅಯ್ಯನವರು ಚೌಕಟ್ಟು ಇಳಿಸಿದರು. ಹಿಂದಿನ ರಟ್ಟು ಗೋಡೆಗೇ ಅಂಟಿಕೊಂಡು ಉಳಿಯಿತು. ಸುತ್ತ ಹಸಿರು, ನಡುವೆ ಇಟ್ಟಿಗೆ ಕೆಂಪು, ಅಂಚಿಗೆ ಕರಿಯ ರೋಮ. ಅಯ್ಯನವರು ಮೂಗಿಗೆ ಕರವಸ್ತ್ರ ಹಿಡಿದರು. ಒಳಗಿನ ಅರ್ಥದ ಮಾತು ಬರಲಿಲ್ಲ.

"ಹಳೇ ಮನೆ ಅಂದ್ಮೇಲೆ ಸ್ವಲ್ಪ ತೇವ ಇದ್ದೇ ಇರುತ್ತೆ," ಎಂದರು ಇವರು. "ಹಳೇ ಕಲೆ ಇದು. ಹೆಚ್ಚೇನೂ ಆಗಲ್ಲ."

"ಆಗುತ್ತೋ ಇಲ್ವೋ ಏಳು ದಿನ ಮುಚ್ಚಿ ನೋಡೋಣ," ಎಂದಳು ಅಕ್ಕ, ಬಟ್ಟೆಗೆ ಗುರುತು ಹಾಕುವ ತನ್ನ ನೀಲಿ ಸೀಮೆಸುಣ್ಣವನ್ನು ಅಯ್ಯನವರ ಕೈಗಿಟ್ಟು. ಅವರು ಕಲೆಯ ಸುತ್ತ ಗೆರೆ ಎಳೆದರು. ಬಾಗಿಲಿಗೆ ಬೀಗ ಹಾಕಿದರು. ಹರಡಿದ್ದರೆ ಯಜಮಾನರು ಗೋಡೆ ರಿಪೇರಿ ಮಾಡಿಸಬೇಕು, ಇಲ್ಲದಿದ್ದರೆ ಅಕ್ಕ ಸುಮ್ಮನಾಗಬೇಕು, ಇದು ಮಾತು. ಸುಮ್ಮನಾಗುವುದು ಅಂದರೆ ಏನೆಂದು ಇವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಅಲ್ಲಿವರೆಗೆ ಎಲ್ಲಿರ್ತೀಯಮ್ಮ?" ಎಂದು ಅಯ್ಯನವರು ಕೇಳಿದರು. ಮೆಟ್ಟಿಲ ಮೇಲಿಂದ ಅತ್ತೆ ಕೂಗಿದರು: "ಮೇಲೆ ಬರಲಿ. ಬೀಗದ ಕೈ ನನ್ನ ಹತ್ರ ಕೊಡಿ."

ಫೆಬ್ರವರಿ 21, ಶುಕ್ರವಾರ

ಊಟದ ಮೇಜಿನ ಪಕ್ಕ ಹೊಲಿಗೆ ಮಿಷನ್. ಸಾರಿನಲ್ಲಿ ಬಿಳಿ ದಾರ.

ಐದೂವರೆಗೆ ಅಕ್ಕ ಅತ್ತೆಗೆ ಗಟ್ಟಿಯಾಗಿ ಓದುತ್ತಾಳೆ. ಬಟ್ಟೆಯ ಮೇಲೆ ಗುರುತು ಎಳೆದಂತೆ ಬೆರಳು ಸಾಲಿನಗುಂಟ ಹೋಗುತ್ತದೆ. ನಡುವೆ ನಿಲ್ಲಿಸಿ ನನ್ನನ್ನು ಕೇಳುತ್ತಾಳೆ, "ಇಲ್ಲಿ ಹೀಗಂದ್ರೆ ಏನು? ನೀವು ದೊಡ್ಡ ಓದು ಓದಿದವರು." ನಾನು ಕಲಿತದ್ದು ಇಂಗ್ಲಿಷ್ ಶಾಲೆ, ಬೈಬಲೂ ಇಂಗ್ಲಿಷಿನದೇ. ಅವಳ ಪುಸ್ತಕ ನಮ್ಮ ಮನೆಮಾತಿನದು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ ಉತ್ತರ ಹುಡುಕುವಷ್ಟರಲ್ಲಿ ಹೊತ್ತು ಹೋಗುತ್ತದೆ. ಇವತ್ತು ಗುಂಪಿಗೆ ಕಳಿಸಿದ್ದು ಏಳಕ್ಕೆ.

ಫೆಬ್ರವರಿ 23, ಭಾನುವಾರ

ಹೇಳಿಬಿಟ್ಟೆ.

"ಅಕ್ಕ, ಆ ಅಧ್ಯಾಯ ನಾನು ಬೇಕಂತಲೇ ಕಳಿಸಿದ್ದು. ಯಾರೂ ಓದಲ್ಲ ಅಂತ ತೋರಿಸೋಕೆ. ತಮಾಷೆಗೆ."

ಅವಳು ಹಲ್ಲಿನಲ್ಲಿ ದಾರ ಕಡಿದಳು. "ನಾನು ಓದಿದೆನಲ್ಲ."

"ಹೂಂ."

"ಮತ್ತೆ ತಮಾಷೆ ಯಾರಿಗಾಯ್ತು?"

ಗುಂಡಿಯ ಡಬ್ಬ ನನ್ನ ಕಡೆ ತಳ್ಳಿ, ನಾಲ್ಕು ತೂತಿನವು ಬೇರೆ ಮಾಡಿ ಕೊಡಿ ಎಂದಳು. ಮಾಡಿಕೊಟ್ಟೆ.

ಫೆಬ್ರವರಿ 24, ಸೋಮವಾರ

ಇವರು ಒಂದು ಡಬ್ಬ ಬಿಳಿ ಬಣ್ಣ, ಒಂದು ಬ್ರಷ್ ಹಿಡಿದು ಬಂದರು. "ಅಮ್ಮಾ, ಕೆಳಗಿನ ಬೀಗದ ಕೈ ಕೊಡು. ಸುಮ್ಮನೆ ಗಾಳಿ ಆಡಿಸಿ ಬರ್ತೀನಿ."

ಅತ್ತೆ ಡಬ್ಬವನ್ನು ನೋಡಿದರು. "ಯಾಜಕರು ಮುಚ್ಚಿದ ಬಾಗಿಲನ್ನ ನಡುವೆ ಯಜಮಾನ ತೆಗೀಬಹುದು ಅಂತ ಎಲ್ಲಿ ಬರೆದಿದೆ, ತೋರಿಸು. ಕೊಡ್ತೀನಿ."

ಇವರು ಪುಸ್ತಕ ತೆಗೆದು ಕೂತರು. ಅಧ್ಯಾಯ ಯಾವ ಭಾಗದಲ್ಲಿದೆ ಎಂದು ನನ್ನನ್ನೇ ಕೇಳಬೇಕಾಯಿತು. ಹೃದಯ ಮುಟ್ಟಿ ಹನ್ನೆರಡು ದಿನವಾದ ಮೇಲೆ ಇವರು ಅದನ್ನು ಮೊದಲ ಸಲ ಓದಿದರು. ಕೊನೆಯಲ್ಲಿ, ಬೂಷ್ಟು ಮರುಕಳಿಸಿದರೆ ಇಡೀ ಮನೆಯನ್ನೇ ಕೆಡವಬೇಕು ಎಂಬ ಕಡೆ ಬಹಳ ಹೊತ್ತು ನಿಂತರು. ಆಮೇಲೆ ಡಬ್ಬ ಎತ್ತಿಕೊಂಡು ಹೋಗಿ ಗ್ಯಾರೇಜಿನಲ್ಲಿಟ್ಟರು.

ಫೆಬ್ರವರಿ 26, ಬುಧವಾರ

ಹರಡಿದೆ. ನೀಲಿ ಗೆರೆಯಾಚೆ ಎಲ್ಲ ಕಡೆಗೂ. ಅಕ್ಕ ಟೇಪ್ ಹಿಡಿದಳು: ಮೇಲ್ಗಡೆ ನಾಲ್ಕೂವರೆ ಇಂಚು.

ಅಯ್ಯನವರು ಜೊತೆಗೆ ಕರೆತಂದಿದ್ದ ಮೇಸ್ತ್ರಿ ಉಳಿ ಹಾಕಿ ಗಾರೆ ಕೆಡವುತ್ತಾ ಹೋದ. ತೇವ ನೆಲದಿಂದ ಏರಿದ್ದಲ್ಲ. ಹಾದಿ ಮೇಲಕ್ಕೆ ಹೋಗುತ್ತಿತ್ತು. ಸೂರಿನ ಹತ್ತಿರ ಹೋಗಿ, ತಲೆಯೆತ್ತಿ, "ಇದರ ಮೇಲೆ ಏನಿದೆ ಸಾರ್?" ಎಂದ.

ಇದರ ಮೇಲಿರುವುದು ನಮ್ಮ ಹೊಸ ಬಚ್ಚಲು. ಎರಡು ವರ್ಷದ ಹಿಂದೆ ಇವರು ನಿಂತು ಮಾಡಿಸಿದ್ದು; ಬಂದವರನ್ನೆಲ್ಲ ಒಳಗೆ ಕರೆದುಕೊಂಡು ಹೋಗಿ ನಲ್ಲಿ ತಿರುಗಿಸಿ ತೋರಿಸುವುದು. ಒಳಗಿನ ಕೊಳವೆಯ ಕೀಲು ಅಂದಿನಿಂದಲೂ ಸೋರುತ್ತಿತ್ತು. ಎರಡು ವರ್ಷ ನಾವು ದಿನಾ ಬೆಳಿಗ್ಗೆ ಶುದ್ಧರಾಗಿ ಬಂದು ಪ್ರಾರ್ಥನೆಗೆ ಕೂತಿದ್ದೇವೆ, ನಮ್ಮ ನೀರು ಅವಳ ಗೋಡೆಗೆ ಇಳಿದಿದೆ.

ಅಯ್ಯನವರು ಇವರ ಮುಖ ನೋಡಿದರು. ಇವರು ಸೂರು ನೋಡಿದರು. "ಮಾಡಿಸ್ತೀನಿ," ಎಂದರು ಕೊನೆಗೆ. ಜಾಗ ಬಿಡುವ ಮಾತು ಆಮೇಲೆ ಬರಲಿಲ್ಲ.

ಮಾರ್ಚ್ 1, ಶನಿವಾರ

ಬಚ್ಚಲು ಒಡೆದರು. ಬಕೆಟ್ ಸ್ನಾನ, ಅಂಗಳದಲ್ಲಿ, ಚಾಪೆಯ ಮರೆಯಲ್ಲಿ. ಸಭೆಯ ಹಿರಿಯರೂ.

ಮಾರ್ಚ್ 5, ಬುಧವಾರ

ಕೆಮ್ಮಿನ ಔಷಧಿಯ ಕಾಗದವನ್ನು ಮೂರನೆಯ ಸಲ ಹಿಂದಕ್ಕೆ ಕಳಿಸಿದೆ. ಎಷ್ಟು ದಿನಕ್ಕೆ ಗುಣವಾಗದಿದ್ದರೆ ಡಾಕ್ಟರಿಗೆ ತೋರಿಸಬೇಕು ಎಂಬ ಸಾಲು ಮಡಿಕೆಯೊಳಗೆ ಸಿಕ್ಕಿ ಕಾಣುವುದಿಲ್ಲ. "ಅದನ್ನೆಲ್ಲ ಯಾರು ಓದ್ತಾರೆ ಮೇಡಂ, ಅಚ್ಚು ನಿಂತಿದೆ," ಎಂದರು ಮುದ್ರಣದವರು. ಒಬ್ಬರು ಓದಿಬಿಟ್ಟರೆ ಏನು ಮಾಡುತ್ತೀರಿ ಎಂದೆ. ಹುಷಾರಿಲ್ಲವೇ ಎಂದು ಕೇಳಿದರು.

ಮಾರ್ಚ್ 12, ಬುಧವಾರ

ಹೊಸ ಗಾರೆ ಒಣಗಿದೆ. ಅಯ್ಯನವರು ಬಂದು ಅಂಗೈ ಇಟ್ಟು ನೋಡಿ, ಶುದ್ಧವಾಗಿದೆ ಎಂದರು. ಪುಸ್ತಕ ಅವರ ಕಂಕುಳಲ್ಲಿತ್ತು, ಪುಟದಲ್ಲಿ ಗುರುತಿಗೆ ಬಸ್ಸಿನ ಟಿಕೆಟ್ಟು.

"ಇನ್ನು ಎರಡು ಹಕ್ಕಿ ತರಬೇಕು, ಒಂದನ್ನ ಕೊಯ್ದು ಒಂದನ್ನ ಹಾರಿಬಿಡಬೇಕು ಅಂತಿದೆ ಅಯ್ಯಾ," ಎಂದಳು ಅಕ್ಕ.

ಅವರು ಬೆವರಿದರು.

"ಹೆದರಬೇಡಿ. ಅದಕ್ಕೆ ಒಳಗಿನ ಅರ್ಥ ಬೇರೆ ಇರುತ್ತೆ."

ಮಾರ್ಚ್ 14, ಶುಕ್ರವಾರ

ನಲವತ್ತನೆಯ ದಿನ. ಇವರು ಲೆಕ್ಕ ಹಾಕಿ ಕೂಗಾಡಿದರು. ನನ್ನ ಹೆಸರಿನಲ್ಲಿ ಹದಿನಾಲ್ಕು ದಿನ ಆಮೆನ್ ಇಲ್ಲವಂತೆ. ನಾನೇ ಒತ್ತುತ್ತೇನೆ, ನೀವು ಒತ್ತಬೇಡಿ ಎಂದಿದ್ದೆ, ಆಮೇಲೆ ಮರೆತೆ. ಬೆಳಿಗ್ಗೆ ಅಧ್ಯಾಯ ಕಳಿಸಿ ಮತ್ತೆ ಅಕ್ಕನ ಜೊತೆ ಓದುತ್ತಾ ಕೂತರೆ ಫೋನು ಕೋಣೆಯಲ್ಲೇ ಉಳಿದಿರುತ್ತದೆ.

ಈ ನಲವತ್ತು ದಿನದಿಂದ ನನಗೆ ಏನಾಯಿತು ಎಂದು ಪ್ರಾಮಾಣಿಕವಾಗಿ ಕೇಳಿಕೊಂಡೆ. ಹೇಳುವಂಥದ್ದು ಏನೂ ಇಲ್ಲ. ಸಭೆಯಲ್ಲಿ ಸಾಕ್ಷಿ ಕೇಳಿದರೆ ನಾನು ಏಳುವುದಿಲ್ಲ.

ಮಾರ್ಚ್ 16, ಭಾನುವಾರ

ಫಲಕ ಬ್ಯಾಂಕ್ ಮ್ಯಾನೇಜರರ ಕುಟುಂಬಕ್ಕೆ ಹೋಯಿತು. ಇವರೇ ಕೈಯಾರೆ ಕೊಟ್ಟರು. ಇವತ್ತು ಬೆಳಿಗ್ಗೆ ಆರಕ್ಕೂ ಅವರ ಫೋನು ತಾನಾಗಿಯೇ ಇನ್ನೊಂದು ಆಮೆನ್ ಕಳಿಸಿತ್ತು. ಯೋಜನೆ ಮುಗಿದದ್ದು ಅದಕ್ಕೆ ಯಾರೂ ಹೇಳಿರಲಿಲ್ಲ.

ಇಪ್ಪತ್ತೆರಡು ನಿಲುವಂಗಿಗಳಲ್ಲಿ ಒಂದಕ್ಕೂ ಚುಕ್ಕೆಯಿರಲಿಲ್ಲ. ಹಾಡು ಮುಗಿದ ಮೇಲೆ ಅಕ್ಕ ಪಟ್ಟಿಯ ಮುಂದೆ ನಿಂತು, ಕನ್ನಡಕ ಏರಿಸಿ, ತನ್ನ ಬೋಳು ಸಾಲಿನಲ್ಲಿ ಹತ್ತನೆಯ ದಿನದ ಚೌಕ ಹುಡುಕಿ ಅದೊಂದಕ್ಕೇ ಹಸಿರು ಗುರುತು ಹಾಕಿದಳು. "ಇದು ಮುಗೀತು," ಎಂದಳು.

ಮಧ್ಯಾಹ್ನ ಆ ಚೌಕಟ್ಟಿಗೆ ಹೊಸ ರಟ್ಟು ಹಾಕಿಸಿ ಅವಳ ಕೋಣೆಗೆ ತೆಗೆದುಕೊಂಡು ಹೋದೆ. ಕೈಯಲ್ಲಿ ಮೊಳೆ, ಸುತ್ತಿಗೆ.

"ಗೋಡೆಗೆ ಬೇಡಮ್ಮ. ಗೋಡೆ ನನಗೆ ಕಾಣ್ತಾ ಇರಲಿ," ಎಂದಳು. "ಮಿಷನ್ ಪಕ್ಕ ಇಡಿ. ಓದೋಕೆ ಬರುತ್ತೆ."

ಮೇಲೆ ಬಂದು ಹಾಲ್‌ನಲ್ಲಿ ಕೂತೆ. ಇಂಥ ಚೌಕಟ್ಟುಗಳು ನಮ್ಮವು ಐದಿವೆ, ಸಾಲಾಗಿ, ಎಲ್ಲ ಚಿನ್ನದ ಅಕ್ಷರ. ಇಷ್ಟು ವರ್ಷದಲ್ಲಿ ಅವುಗಳ ಧೂಳಷ್ಟೇ ಒರೆಸಿದ್ದೇನೆ. ಸ್ಟೂಲ್ ಎಳೆದು ಹತ್ತಿದೆ. ಮೊದಲನೆಯದರಲ್ಲಿ ಏನಿದೆ ಎಂದು ಪೂರ್ತಿ ಓದಿ, ಆಮೇಲೆ ಇಳಿಸಿದೆ. ಹಿಂದೆ ಗೋಡೆ ಚೆನ್ನಾಗಿಯೇ ಇತ್ತು. ಎರಡನೆಯದರ ಹಿಂದೆ ಜೇಡರ ಬಲೆ. ಮೂರನೆಯದಕ್ಕೆ ಕೈ ಹಾಕುವಾಗ ಇವರು ಕೋಣೆಯಿಂದ ಬಂದರು.

"ಅದೊಂದನ್ನ ಬಿಟ್ಟುಬಿಡು," ಎಂದರು.

ಯಾಕೆ 'ಅದೊಂದನ್ನ' ಎಂದು ಕೇಳುವಂತೆ ನೋಡಿದೆ. ಇವರು ನೆಲ ನೋಡಿದರು.

"ಸ್ಟೂಲ್ ಅಲ್ಲಾಡ್ತಿದೆ, ಹಿಡ್ಕೊಳ್ಳಿ," ಎಂದೆ.

ಹಿಡಿದುಕೊಂಡರು.